ಒಟ್ಟಿಗೆ ಕೂತು ಬಿಡಿಸುವ ಲೆಕ್ಕ



ಇಂಜಿನಿಯರಿಂಗ್ ಸೇರುವ ನಮ್ಮ ಶಾಲೆಯ ಮಕ್ಕಳಿಗೆ ಸುವರ್ಣ ಮಹೋತ್ಸವ ನಿಧಿಯಿಂದ ವಿದ್ಯಾರ್ಥಿವೇತನ ಕೊಡುವ ವಿಚಾರವನ್ನು ಅಧ್ಯಕ್ಷರು ಈಗಷ್ಟೇ ಹೇಳಿದರು. ಅದಕ್ಕೆ ಸಂಬಂಧಪಟ್ಟಂತೆ ಅಮೆರಿಕದ ಒಂದು ಸಂಗತಿ ಹೇಳುತ್ತೇನೆ.

ಮೆಕ್ಸಿಕೊ ಮೊದಲಾದ ಲ್ಯಾಟಿನ್ ಅಮೆರಿಕದ ದೇಶಗಳ ಮೂಲದವರನ್ನು ಅಲ್ಲಿ ಲ್ಯಾಟಿನೊ ಎನ್ನುತ್ತಾರೆ. ಅವರ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಬಹಳ ಮನೆಗಳಲ್ಲಿ ಮಾತು ಸ್ಪ್ಯಾನಿಷ್, ಪಾಠ ಇಂಗ್ಲಿಷ್. ಓದಿನ ಜೊತೆ ದುಡಿಮೆಯೂ ಇರುತ್ತದೆ. ಇಂಜಿನಿಯರ್ ಆಗಬೇಕೆಂದು ಬಂದವರಲ್ಲಿ ಎಷ್ಟೋ ಮಂದಿ ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲೇ ಸೋತು ಬೇರೆ ವಿಷಯಕ್ಕೆ ಹೋಗುತ್ತಾರೆ.

ಬುದ್ಧಿ ಸಾಲದು ಎನ್ನುವವರಿಗೆ ಉತ್ತರ 1982ರಲ್ಲೇ ಸಿಕ್ಕಿತ್ತು. ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ, ಬೊಲಿವಿಯಾದಿಂದ ಬಂದ ಹೈಮೆ ಎಸ್ಕಲಾಂಟೆ ಎಂಬ ಮೇಷ್ಟ್ರ 18 ಶಿಷ್ಯರು ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆ ಪಾಸಾದರು. ಅವರಲ್ಲಿ 14 ಮಂದಿ ಕಾಪಿ ಹೊಡೆದಿದ್ದಾರೆಂದು ಅನುಮಾನ! 12 ಮಂದಿ ಮತ್ತೆ ಬರೆದರು, 12 ಮಂದಿಯೂ ಪಾಸು. ಬಡವರ ಮಕ್ಕಳು ಚೆನ್ನಾಗಿ ಬರೆದರೆ ಅನುಮಾನಿಸುವುದು ಎಲ್ಲ ಕಡೆ ಇದ್ದದ್ದೇ.

ಹಾಗಾದರೆ ಕಾಲೇಜಿನಲ್ಲಿ ಸೋಲುವುದೇಕೆ? 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು ಕ್ಯಾಲ್ಕುಲಸ್‌ನಲ್ಲಿ ಹಿಂದೆ ಬಿದ್ದ ಕಪ್ಪು ವಿದ್ಯಾರ್ಥಿಗಳನ್ನೂ, ಮುಂದಿದ್ದ ಚೀನಾ ಮೂಲದವರನ್ನೂ ಹತ್ತಿರದಿಂದ ಗಮನಿಸಿದರು. ಹಿಂದೆ ಬಿದ್ದವರಲ್ಲಿ ಶ್ರಮಕ್ಕೂ ಕೊರತೆಯಿರಲಿಲ್ಲ, ಮನೆಯವರ ಆಸರೆಗೂ ಕೊರತೆಯಿರಲಿಲ್ಲ. ಆದರೆ ಅವರು ಒಬ್ಬೊಬ್ಬರೇ ಓದುತ್ತಿದ್ದರು. ಮುಂದಿದ್ದವರು ಒಟ್ಟಿಗೆ ಕೂತು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಿ, ಜಗಳವಾಡಿ ಕಲಿಯುತ್ತಿದ್ದರು. ಟ್ರೈಸ್‌ಮನ್ ದಡ್ಡರ ತರಗತಿ ತೆರೆಯಲಿಲ್ಲ. ಕಪ್ಪು ಮತ್ತು ಲ್ಯಾಟಿನೊ ವಿದ್ಯಾರ್ಥಿಗಳನ್ನು ಗುಂಪಾಗಿ ಕೂರಿಸಿ, ತರಗತಿಯಲ್ಲಿ ಕೊಡುವುದಕ್ಕಿಂತ ಕಷ್ಟದ ಲೆಕ್ಕಗಳನ್ನು ಕೊಟ್ಟರು. ಫಲಿತಾಂಶ ಬದಲಾಯಿತು. 1988ರಲ್ಲಿ ಇದೇ ಕ್ರಮ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೂ ಬಂತು.

ಹಣ ಬೇಡ ಎಂದು ನಾನು ಹೇಳುತ್ತಿಲ್ಲ. ಫೀಸಿಗಾಗಿ ರಾತ್ರಿ ದುಡಿಯುವ ಹುಡುಗ ಗುಂಪಿನಲ್ಲಿ ಕೂರುವುದಾದರೂ ಯಾವಾಗ? ಆದರೆ ಚೆಕ್ಕು ಕೊಟ್ಟು ಫೋಟೊ ತೆಗೆಸಿಕೊಂಡು ನಾವು ಕೈತೊಳೆದುಕೊಂಡರೆ, ಇಲ್ಲಿ ಕನ್ನಡದಲ್ಲಿ ಗಣಿತ ಕಲಿತು ಹೋದ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಹಾಸ್ಟೆಲ್ ಕೋಣೆಯಲ್ಲಿ ಒಬ್ಬಳೇ ಕೂತಿರುತ್ತಾಳೆ. ವೇತನ ಪಡೆದವರೆಲ್ಲ ಪ್ರತಿ ಭಾನುವಾರ ಸಂಜೆ ಎರಡು ಗಂಟೆ ಫೋನಿನಲ್ಲಾದರೂ ಒಟ್ಟಿಗೆ ಸೇರಿ ಲೆಕ್ಕ ಬಿಡಿಸಲಿ, ಕನ್ನಡದಲ್ಲೇ ಜಗಳವಾಡಲಿ. ಈ ವರ್ಷ ನಾನು ಕೂರುತ್ತೇನೆ. ಇನ್ನೂ ನಾಲ್ವರು ಬೇಕು. ಊಟದ ಕೌಂಟರ್ ಪಕ್ಕದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಹೆಸರು ಬರೆದು ಹೋಗಿ.