ಉಣ್ಣುವ ರೀತಿ, ರಕ್ತದ ಸಕ್ಕರೆ ಮತ್ತು ಜೀರ್ಣಶಕ್ತಿ

(ಶತಮಾನೋತ್ಸವದ ಆರೋಗ್ಯ ಗೋಷ್ಠಿಯಲ್ಲಿ, ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನಮ್ಮ ಶಾಲೆ ಆರಂಭವಾದ ಕಾಲದಲ್ಲಿ ಕೊಳ್ಳೇಗಾಲ ಸೀಮೆಯು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂದಿತು. ಗಡಿ ಬದಲಾಯಿತು, ದಾರಿ ಬದಲಾಗಲಿಲ್ಲ. ಚಾಮರಾಜನಗರ, ಹಾಸನೂರುಗಳನ್ನು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲದ ಮೂಲಕ ನಮ್ಮವರು ಇಂದಿಗೂ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ನಾವೂ ಹಾಗೆ ಹೋದವರೇ. ಕೆಲವರು ಕೊಯಮತ್ತೂರಿನ ಕಾರ್ಖಾನೆಗಳನ್ನು ಸೇರಿದೆವು. ಹೆಚ್ಚಿನವರು ತಿರುಪ್ಪೂರಿನ ಬನಿಯನ್ ಕಂಪನಿಗಳನ್ನು ಸೇರಿದೆವು. ಅಲ್ಲಿ ಕನ್ನಡ ನಮಗೆ ಅಪರಿಚಿತವಾಗಲಿಲ್ಲ. ಸಿರುಮುಗೈಯ ದೇವಾಂಗ ನೇಕಾರರ ಮನೆಗಳಲ್ಲಿ, ಕಾರಮಡೈ ಕಡೆಯ ಒಕ್ಕಲಿಗರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಭಾಷೆಯನ್ನು ಉಳಿಸಿಕೊಂಡೆವು. ಆದರೆ ಇಲ್ಲಿಂದ ಕೊಂಡೊಯ್ದ ಇನ್ನೊಂದು ಸಂಪತ್ತನ್ನು ಕಳೆದುಕೊಂಡೆವು. ಇಂದು ಮಾತನಾಡಬೇಕಾಗಿರುವುದು ಅದರ ಕುರಿತು.

ನಾವು ವೈದ್ಯರಲ್ಲ. ವೈದ್ಯರ ಕೋಣೆಯ ಹೊರಗೆ ಚೀಟಿ ಹಿಡಿದು ಕುಳಿತವರು. ನಮ್ಮೊಡನೆ ಇದೇ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದ ಗೆಳೆಯರೊಬ್ಬರು ಹಲವು ವರ್ಷ ತಿರುಪ್ಪೂರಿನಲ್ಲಿ ಹೊಲಿಗೆ ಯಂತ್ರದ ಮುಂದೆ ದುಡಿದರು. ಪಾದ ಉರಿಯುತ್ತದೆ ಎನ್ನುತ್ತಿದ್ದರು. ದಣಿವಿನಿಂದ ಇರಬೇಕೆಂದು ನಾವೆಲ್ಲರೂ ಸಮಾಧಾನ ಹೇಳಿದೆವು. ಊಟವಾದ ಮೇಲೆ ಹೊಟ್ಟೆ ಕಲ್ಲಿನಂತಾಗುತ್ತದೆ ಎಂದರು. ಸೋಡಾ ಕುಡಿಯಿರಿ ಎಂದೆವು. ಒಂದು ದಿನ ಕಾಲಿಗೆ ತಂತಿ ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ಗಾಯ ಕೊಳೆತ ಮೇಲೆ ರಕ್ತಪರೀಕ್ಷೆಯಾಯಿತು, ಹೆಬ್ಬೆರಳನ್ನು ತೆಗೆಯಬೇಕಾಯಿತು. ಅವರು ಈಗ ಇದೇ ಸಭೆಯಲ್ಲಿದ್ದಾರೆ. ಹೆಸರು ಹೇಳಬೇಡಿ, ಸಂಗತಿ ಹೇಳಿ ಎಂದು ಅವರೇ ಅಪ್ಪಣೆ ಕೊಟ್ಟಿದ್ದಾರೆ. ಅವರಿಗೆ ತಪ್ಪು ಸಮಾಧಾನ ಹೇಳಿದವರು ನಾವು. ಆದ್ದರಿಂದ ಈ ಮಾತು ನಮ್ಮ ಮೇಲಿನ ಋಣ.

ನಮ್ಮ ಬಾಲ್ಯದ ಊಟವನ್ನು ನೆನಪಿಸಿಕೊಳ್ಳೋಣ. ರಾಗಿ ಮುದ್ದೆ, ಅದರೊಡನೆ ಉಪ್ಪುಸಾರು ಅಥವಾ ಬಸ್ಸಾರು, ಬಸಿದ ಸೊಪ್ಪು ಮತ್ತು ಕಾಳಿನ ಪಲ್ಯ, ಹುರುಳಿ ಅಥವಾ ಅವರೆ, ಕೊನೆಗೆ ಮಜ್ಜಿಗೆ. ಅನ್ನ ಹಬ್ಬಕ್ಕೆ, ನೆಂಟರಿಗೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಊಟ ಮುಗಿಯುತ್ತಿತ್ತು. ಹೊಲಕ್ಕೆ, ನೀರಿಗೆ, ಶಾಲೆಗೆ ಎಲ್ಲಕ್ಕೂ ನಡಿಗೆಯೇ. ಕೊಂಗುನಾಡಿನ ರೈತರ ಮನೆಗಳ ಹಿರಿಯರ ನೆನಪೂ ಇದೇ ಬಗೆಯದು: ರಾಗಿ ಕಳಿ, ಸಜ್ಜೆಯ ಅಂಬಲಿ, ಜೋಳದ ಅನ್ನ, ಜೊತೆಗೆ ಅವರು ಕೊಳ್ಳು ಎಂದು ಕರೆಯುವ ಹುರುಳಿ.

ತಿರುಪ್ಪೂರಿನ ನಮ್ಮ ದಿನ ಹೇಗಿತ್ತು? ಬೆಳಿಗ್ಗೆ ಬರಿ ಹೊಟ್ಟೆಗೆ ಟೀ. ಎಂಟೂವರೆಗೆ ಕಂಪನಿ. ಹನ್ನೊಂದಕ್ಕೆ ಬೇಕರಿಯ ಟೀ, ಬನ್ನು ಅಥವಾ ಬೋಂಡ. ಮಧ್ಯಾಹ್ನ ಡಬ್ಬಿಯ ತುಂಬ ಬಿಳಿ ಅನ್ನ, ಮೇಲೆ ತೆಳುವಾದ ಸಾರು, ಮೂಲೆಯಲ್ಲಿ ಒಂದು ಚಮಚ ಪಲ್ಯ. ಸಂಜೆ ಮತ್ತೆ ಟೀ. ಒಂದೂವರೆ ಷಿಫ್ಟ್ ಮುಗಿಸಿ ರಾತ್ರಿ ಎಂಟೂವರೆಗೆ ಹೊರಬಿದ್ದು, ಹತ್ತರ ಹೊತ್ತಿಗೆ ಪರೋಟ ಅಥವಾ ಮತ್ತೆ ಅನ್ನ. ಉಂಡ ಕೂಡಲೇ ನಿದ್ರೆ. ಅಕ್ಕಿ ಸುಲಭವಾಗಿ ದೊರೆಯುತ್ತಿತ್ತು. ತಮಿಳುನಾಡಿನಲ್ಲಿ 2008ರಲ್ಲಿ ಪಡಿತರದ ಅಕ್ಕಿ ಕಿಲೋಗೆ ಒಂದು ರೂಪಾಯಿಯಾಯಿತು, 2011ರಿಂದ ಉಚಿತವಾಯಿತು. ಅದು ಹಸಿವನ್ನು ದೂರವಿಟ್ಟ ದೊಡ್ಡ ಕಾರ್ಯ. ಅದನ್ನು ದೂರುವ ಕೃತಘ್ನತೆ ನಮ್ಮದಲ್ಲ. ಆದರೆ ತಟ್ಟೆಯಲ್ಲಿ ಅನ್ನ ಹೆಚ್ಚಿದಂತೆ ಬೆಲೆ ತೆತ್ತು ಕೊಳ್ಳಬೇಕಾದ ಕಾಳು, ಸೊಪ್ಪು, ತರಕಾರಿಗಳು ಕಡಿಮೆಯಾದವು.

ಇದರಿಂದ ದೇಹದೊಳಗೆ ಆಗುವುದೇನು? ಅನ್ನ, ಮುದ್ದೆ, ಇಡ್ಲಿ, ಬನ್ನುಗಳಲ್ಲಿರುವ ಪಿಷ್ಟವು ಜೊಲ್ಲಿನಿಂದಲೇ ಒಡೆಯಲು ತೊಡಗಿ, ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಬಿಡುಗಡೆ ಮಾಡುತ್ತದೆ. ಅದರ ನೆರವಿನಿಂದ ಸ್ನಾಯುಗಳು ಸಕ್ಕರೆಯನ್ನು ಹೀರಿಕೊಳ್ಳುತ್ತವೆ, ಯಕೃತ್ತು ಸ್ವಲ್ಪವನ್ನು ಕೂಡಿಡುತ್ತದೆ. ಸಕ್ಕರೆ ನಿಧಾನವಾಗಿ ಬಂದರೆ ಈ ವ್ಯವಸ್ಥೆ ಸರಾಗವಾಗಿ ನಡೆಯುತ್ತದೆ. ದಿನಕ್ಕೆ ಐದಾರು ಬಾರಿ ಪ್ರವಾಹದಂತೆ ಬಂದು, ಸ್ನಾಯುಗಳೂ ಕದಲದೆ ಕುಳಿತಿದ್ದು, ಸೊಂಟದ ಸುತ್ತ ಕೊಬ್ಬು ಬೆಳೆದರೆ, ಇನ್ಸುಲಿನ್‌ನ ಮಾತನ್ನು ಅಂಗಾಂಗಗಳು ಕೇಳದಾಗುತ್ತವೆ. ಗ್ರಂಥಿಯು ಇನ್ನಷ್ಟು ದುಡಿದು ಕೊನೆಗೆ ಸೋಲುತ್ತದೆ. ರಾತ್ರಿಯ ವೇಳೆ ಈ ಶಕ್ತಿ ಇನ್ನೂ ಮಂದ. ಬೆಳಿಗ್ಗೆ ಉಂಡ ಊಟವನ್ನೇ ತಡರಾತ್ರಿ ಉಂಡರೆ ಸಕ್ಕರೆ ಸಾಮಾನ್ಯವಾಗಿ ಹೆಚ್ಚು ಏರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಮೊದಲ ಹಂತದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅದರಂತೆ ತಮಿಳುನಾಡಿನ ವಯಸ್ಕರಲ್ಲಿ ಮಧುಮೇಹವಿದ್ದವರು ನಗರಗಳಲ್ಲಿ ಶೇ. 13.7, ಹಳ್ಳಿಗಳಲ್ಲಿ ಶೇ. 7.8. ಊರು ಬಿಟ್ಟು ನಗರ ಸೇರಿದ ನಾವು ಯಾವ ಅಂಕಿಯಿಂದ ಯಾವ ಅಂಕಿಯ ಕಡೆಗೆ ನಡೆದೆವು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಡೀ ದೇಶವನ್ನು ಒಳಗೊಂಡು 2023ರಲ್ಲಿ ಬಂದ ವರದಿಯು ಭಾರತದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದು ಅಂದಾಜಿಸಿತು.

ಹೊಟ್ಟೆಯ ಕಷ್ಟವನ್ನು ನಾವು ಬೇರೆ ಕಾಯಿಲೆಯೆಂದು ತಿಳಿದಿದ್ದೆವು. ಹಲವು ವೇಳೆ ಎರಡಕ್ಕೂ ಬೇರು ಒಂದೇ. ಸೊಪ್ಪು, ಕಾಳು, ಇಡಿಯ ಧಾನ್ಯಗಳಲ್ಲಿರುವ ನಾರು ಸಕ್ಕರೆಯ ಓಟಕ್ಕೆ ಕಡಿವಾಣ ಹಾಕುತ್ತದೆ. ಮುಂದೆ ಸಾಗಿ ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಅವು ಅದನ್ನು ಹುದುಗಿಸಿ ಉಂಟುಮಾಡುವ ಆಮ್ಲಗಳಿಂದ ಕರುಳಿನ ಒಳಪದರವು ಪೋಷಣೆ ಪಡೆಯುತ್ತದೆ. ನಾರು ಕಡಿಮೆಯಾದರೆ ಮಲಬದ್ಧತೆ. ತಡವಾಗಿ ಹೊಟ್ಟೆ ತುಂಬ ಉಂಡು ಮಲಗಿದರೆ ಹುಳಿತೇಗು, ಎದೆಯುರಿ. ಇನ್ನು ಮಧುಮೇಹ ಹಳೆಯದಾದಾಗ ಪಾದದ ನರಗಳಂತೆಯೇ ಜಠರವನ್ನು ನಡೆಸುವ ನರವೂ ಘಾಸಿಗೊಳ್ಳಬಹುದು. ಆಗ ಉಂಡದ್ದು ಜಠರದಲ್ಲೇ ಬಹಳ ಹೊತ್ತು ನಿಲ್ಲುತ್ತದೆ. ನಮ್ಮ ಗೆಳೆಯರ ಕಲ್ಲಿನಂಥ ಹೊಟ್ಟೆಗೆ ಇದೇ ಕಾರಣವೆಂದು ವೈದ್ಯರು ಬಳಿಕ ತಿಳಿಸಿದರು. ಸೋಡಾ ಅದಕ್ಕೆ ಮದ್ದಾಗಿರಲಿಲ್ಲ.

ಹಾಗಾದರೆ ಅನ್ನ ಬಿಟ್ಟು ರಾಗಿ ಹಿಡಿದರೆ ಸಾಕೇ? ನಾವೂ ಮೊದಲು ಹಾಗೆಯೇ ನಂಬಿದೆವು. ಊರಿನಿಂದ ರಾಗಿ ಹಿಟ್ಟಿನ ಚೀಲಗಳನ್ನು ತರಿಸಿಕೊಂಡೆವು. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಗಂಜಿ, ರಾತ್ರಿ ಎರಡು ಮುದ್ದೆ. ಸಕ್ಕರೆ ಇಳಿಯಲಿಲ್ಲ. ಕಾರಣ ಸರಳ. ರಾಗಿಯಲ್ಲೂ ಬಹುಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟನ್ನು ಗಂಜಿ ಮಾಡಿ ಕುಡಿದರೆ ಅದು ಬೇಗನೆ ಜೀರ್ಣವಾಗುತ್ತದೆ, ಬೆಲ್ಲವೂ ಸಕ್ಕರೆಯೇ. ರಾಗಿಯಲ್ಲಿ ಸುಣ್ಣದ ಅಂಶ ಹೇರಳ, ಬಿಳಿ ಅಕ್ಕಿಗಿಂತ ನಾರು ಹೆಚ್ಚು. ಅದು ಉತ್ತಮ ಆಹಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಔಷಧವಲ್ಲ. ಅಕ್ಕಿ ವಿಷವೂ ಅಲ್ಲ. ನಾವು ಕಳೆದುಕೊಂಡ ಸಂಪತ್ತು ರಾಗಿಯೊಂದೇ ಆಗಿರಲಿಲ್ಲ. ಮುದ್ದೆಯ ಪಕ್ಕದಲ್ಲಿದ್ದ ಸೊಪ್ಪು ಕಾಳುಗಳನ್ನು, ಊಟದ ಹೊತ್ತನ್ನು, ಊಟವನ್ನು ಕರಗಿಸುತ್ತಿದ್ದ ನಡಿಗೆಯನ್ನು ಒಟ್ಟಿಗೇ ಕಳೆದುಕೊಂಡಿದ್ದೆವು.

ಕೊಯಮತ್ತೂರಿನಲ್ಲಿ ಎರಡು ಹೆಸರಾಂತ ಸಂಶೋಧನಾ ಕೇಂದ್ರಗಳಿವೆ. 1912ರಲ್ಲಿ ಸ್ಥಾಪನೆಯಾದ ಕಬ್ಬು ತಳಿ ಸಂಸ್ಥೆಯಿಂದ ಹೊರಬಂದ ತಳಿಗಳು ಭಾರತದ ಸಕ್ಕರೆ ಉದ್ಯಮವನ್ನು ಬೆಳೆಸಿದವು. 1923ರಲ್ಲಿ ಅದೇ ನಗರದಲ್ಲಿ ಕಿರುಧಾನ್ಯಗಳ ತಳಿ ಸಂಶೋಧನಾ ಕೇಂದ್ರವೂ ಆರಂಭವಾಯಿತು. ಜೋಳ, ಸಜ್ಜೆ, ರಾಗಿಗಳ ತಳಿ ಸುಧಾರಣೆ ಅದರ ಕೆಲಸ. ಸಕ್ಕರೆ, ಸಿರಿಧಾನ್ಯ ಎರಡೂ ಒಂದೇ ಊರಿನಲ್ಲಿ ಬೆಳೆದವು. ಯಾವುದನ್ನು ಎಷ್ಟು, ಯಾವಾಗ, ಯಾವುದರೊಡನೆ ಉಣ್ಣಬೇಕೆಂಬ ವಿವೇಕ ಮಾತ್ರ ನಮ್ಮದೇ ಆಗಬೇಕು.

ಆ ಬಳಿಕ ನಾವು ಮಾಡಿಕೊಂಡ ಬದಲಾವಣೆಗಳನ್ನು ಹೇಳುತ್ತೇವೆ. ಎಲ್ಲವೂ ಕೂಲಿಯ ದುಡ್ಡಿನಲ್ಲಿ, ಕಂಪನಿಯ ಗಂಟೆಯ ನಡುವೆ ಸಾಧ್ಯವಾದವು.

ಮೊದಲನೆಯದು ತಟ್ಟೆಯ ಹಂಚಿಕೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದು, ತಟ್ಟೆಯ ಅರ್ಧದಷ್ಟು ತರಕಾರಿ, ಹಣ್ಣುಗಳಿರಬೇಕು. ನಾವು ಇದನ್ನು ಡಬ್ಬಿಯ ಲೆಕ್ಕಕ್ಕೆ ತಂದೆವು. ದೊಡ್ಡ ಡಬ್ಬಿಗೆ ಪಲ್ಯ ಮತ್ತು ಕಾಳು, ಚಿಕ್ಕದಕ್ಕೆ ಅನ್ನ. ಕೊಯಮತ್ತೂರಿನ ಕಡೆ ಅಕ್ಕಿ ಮತ್ತು ತೊಗರಿಬೇಳೆಯನ್ನು ಕೂಡಿಸಿ ಬೇಯಿಸುವ ಅನ್ನ ಮನೆಮನೆಯ ಅಡುಗೆ. ಅದರಲ್ಲಿ ಬೇಳೆಯನ್ನು ಹೆಚ್ಚಿಸಿ ಅಕ್ಕಿಯನ್ನು ಕಡಿಮೆ ಮಾಡಿದರೆ ರುಚಿ ಕೆಡುವುದಿಲ್ಲ.

ಎರಡನೆಯದು ಉಣ್ಣುವ ಕ್ರಮ. ಮೊದಲು ಪಲ್ಯ ಮತ್ತು ಕಾಳು, ಆಮೇಲೆ ಅನ್ನ ಅಥವಾ ಮುದ್ದೆ. ಅದೇ ಊಟವನ್ನೇ ಈ ಕ್ರಮದಲ್ಲಿ ಉಂಡರೆ ಸಕ್ಕರೆಯ ಏರಿಕೆ ಕಡಿಮೆಯಾಗುವುದು ಪ್ರಯೋಗಗಳಿಂದ ತಿಳಿದುಬಂದಿದೆ.

ಮೂರನೆಯದು ಟೀ. ಒಂದು ಟೀಗೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು 10 ಗ್ರಾಂ. ಐದು ಟೀಗೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ ಸುಮಾರು ಅಷ್ಟು, ಅದರ ಅರ್ಧವಾದರೆ ಇನ್ನೂ ಒಳ್ಳೆಯದೆಂದೂ ಹೇಳುತ್ತದೆ. ನಾವು ಟೀಯನ್ನು ಎರಡಕ್ಕೆ ಇಳಿಸಿ, ಸಕ್ಕರೆ ಬಿಟ್ಟೆವು. ಬನ್ನಿನ ಬದಲು ಬೇಯಿಸಿದ ಕಡಲೆಕಾಯಿ ಅಥವಾ ಕಾಳಿನ ಉಸಲಿ.

ನಾಲ್ಕನೆಯದು ಹೊತ್ತು ಮತ್ತು ನಡಿಗೆ. ಷಿಫ್ಟಿನ ಗಂಟೆ ನಮ್ಮ ಕೈಯಲ್ಲಿರಲಿಲ್ಲ. ಆದ್ದರಿಂದ ಸಂಜೆಯ ವಿರಾಮದಲ್ಲೇ ಅರ್ಧ ಊಟ ಮುಗಿಸಿ, ರಾತ್ರಿಯದನ್ನು ಹಗುರಗೊಳಿಸಿದೆವು. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದೆವು. ನಡೆಯುವ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ಸಕ್ಕರೆಯನ್ನು ಹೀರಿಕೊಳ್ಳಬಲ್ಲವು.

ಇಲ್ಲಿ ಎರಡು ಎಚ್ಚರಿಕೆಗಳು. ಸಕ್ಕರೆ ತಗ್ಗಿಸುವ ಕೆಲವು ಮಾತ್ರೆಗಳನ್ನು ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಏಕಾಏಕಿ ಊಟ ಕಡಿಮೆ ಮಾಡಬಾರದು, ಉಪವಾಸ ಮಾಡಬಾರದು. ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಕಂಡರೆ ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಊಟದ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿಯೇ ಮಾಡಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಎರಡನೆಯದಾಗಿ, ಪಾದ ಉರಿಯುವವರೆಗೆ ಕಾಯಬೇಡಿ. ಬೆಳಿಗ್ಗೆ ಬರಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆಯಿದ್ದರೆ ಸರಿ. 100ರಿಂದ 125ರವರೆಗೆ ಎಚ್ಚರಿಕೆಯ ಗಂಟೆ, ಈ ಹಂತದಲ್ಲಿ ಹಿಂದಿರುಗುವ ದಾರಿಯಿದೆ. 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಮಧುಮೇಹವೆಂದು ನಿರ್ಧರಿಸುತ್ತಾರೆ. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆ ದೊರೆಯುತ್ತದೆ.

ಮಕ್ಕಳೇ, ನಿಮ್ಮಲ್ಲೂ ಹಲವರು ಮುಂದೆ ಆ ಘಟ್ಟವನ್ನು ಇಳಿಯುವಿರಿ. ಇಳಿಯಿರಿ, ದುಡಿಯಿರಿ, ಗೌರವದಿಂದ ಬಾಳಿರಿ. ಈ ಶಾಲೆಯ ಅಕ್ಷರವನ್ನು ಕೊಂಡೊಯ್ಯುವಂತೆ ನಿಮ್ಮ ಅಜ್ಜಿಯ ಬಸ್ಸಾರನ್ನೂ ಕೊಂಡೊಯ್ಯಿರಿ. ಮುದ್ದೆಯನ್ನು ಮಾತ್ರ ಹೊತ್ತು ಸೊಪ್ಪನ್ನು ಇಲ್ಲಿಯೇ ಬಿಟ್ಟು ಹೋಗಬೇಡಿ.

ಇಂದು ಮಧ್ಯಾಹ್ನ ಹೋಳಿಗೆಯ ಊಟವೆಂದು ಕೇಳಿದೆವು. ನೂರು ವರ್ಷಕ್ಕೊಮ್ಮೆ ಬರುವ ಹೋಳಿಗೆಯನ್ನು ಬೇಡವೆನ್ನಲು ನಮಗೂ ಮನಸ್ಸಿಲ್ಲ. ಮೊದಲು ಕೋಸಂಬರಿ ಮತ್ತು ಪಲ್ಯ ಉಣ್ಣೋಣ, ಆಮೇಲೆ ಅರ್ಧ ಹೋಳಿಗೆ. ಊಟವಾದ ಮೇಲೆ ನೆರಳು ಹುಡುಕಿ ಮಲಗದೆ, ನಮ್ಮ ಗೆಳೆಯರ ನಡಿಗೆಯ ವೇಗಕ್ಕೆ ಹೊಂದಿಕೊಂಡು, ಎಲ್ಲರೂ ಶಾಲೆಯ ಬಯಲಿನಲ್ಲಿ ಒಂದು ಸುತ್ತು ಬರೋಣ.