ಮುಂಬಯಿಯಿಂದ ಬಂದ ಮನಿಯಾರ್ಡರ್

ಕರಾವಳಿಯ ಎಷ್ಟೋ ಮನೆಗಳು ಒಂದು ಕಾಲಕ್ಕೆ ಅಂಚೆಯಣ್ಣನ ದಾರಿ ಕಾಯುತ್ತಿದ್ದವು. ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯುವ ಮಗನ ಮನಿಯಾರ್ಡರ್ ಬಂದರೆ ಅಂಗಡಿಯ ಸಾಲ ತೀರುತ್ತಿತ್ತು, ತಂಗಿಯ ಶಾಲೆಯ ಫೀಸು ಕಟ್ಟಿ ಆಗುತ್ತಿತ್ತು, ಮುಳಿಹುಲ್ಲಿನ ಮಾಡು ಹೋಗಿ ಹೆಂಚು ಬರುತ್ತಿತ್ತು. ಹಗಲಿಡೀ ದುಡಿದ ಆ ಹುಡುಗರಲ್ಲಿ ಅನೇಕರು ಅಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಕೆಲವರು ತಾವೇ ಹೋಟೆಲು ತೆರೆದು ಊರಿನ ಇನ್ನಷ್ಟು ಹುಡುಗರನ್ನು ಕರೆಸಿಕೊಂಡರು. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಆರಂಭಿಸಿದ ಉಡುಪಿ ಊಟದ ಮನೆ ಇಂದಿಗೂ ಹೆಸರುವಾಸಿ.

ಕರಾವಳಿಯವರು ಆಮೇಲೆ ಗಲ್ಫಿಗೂ ಹೋದರು. ವಿಶ್ವಬ್ಯಾಂಕಿನ ಲೆಕ್ಕದಂತೆ 2022ರಲ್ಲಿ ಹೊರದೇಶಗಳ ನಮ್ಮವರು ಭಾರತಕ್ಕೆ ಕಳಿಸಿದ ಹಣ 100 ಶತಕೋಟಿ ಡಾಲರ್ ದಾಟಿತು. ಈ ಹಣದ ದೊಡ್ಡ ಗುಣವೆಂದರೆ, ಅದು ಯಾವ ಕಚೇರಿಯ ಕಡತಕ್ಕೂ ಕಾಯದೆ ನೇರ ಮನೆಯ ಅಡುಗೆಕೋಣೆ ಸೇರುತ್ತದೆ. ಆದರೆ ಊರಲ್ಲೇ ನಾಲ್ಕು ಜನರಿಗೆ ಕೆಲಸ ಕೊಡುವ ಉದ್ಯಮವಾಗಿ ಬೆಳೆಯುವುದು ಕಡಿಮೆ.

ಪರವೂರಿನಲ್ಲಿರುವ ನಿಮ್ಮ ಬಂಧುಗಳು ಈ ಸಲ ರಜೆಗೆ ಬಂದಾಗ, ದೇವಸ್ಥಾನದ ಜೀರ್ಣೋದ್ಧಾರದ ಜೊತೆಗೆ ಊರಿನ ಶಾಲೆಯ ಮಾತನ್ನೂ, ಒಂದು ಸಣ್ಣ ಉದ್ಯಮದ ಮಾತನ್ನೂ ಅವರ ಮುಂದಿಡಿ.