ಅಜ್ಜ ಅಜ್ಜಿ ಬಂದ ದಿನಗಳು



ಬೇಸಿಗೆ ರಜೆ ಬಂತೆಂದರೆ ಯಶವಂತಪುರದ ರೈಲು ನಿಲ್ದಾಣದಲ್ಲಿ ಊರಿನಿಂದ ಬಂದಿಳಿಯುವ ಅಜ್ಜ ಅಜ್ಜಿಯರನ್ನು ಕಾಣುತ್ತೇವೆ. ಕೈಯಲ್ಲಿ ಹಪ್ಪಳದ ಗಂಟು, ಕಣ್ಣಲ್ಲಿ ಮೊಮ್ಮಕ್ಕಳನ್ನು ನೋಡುವ ಆತುರ. ಆದರೆ ಮನೆ ಸೇರಿದ ಮೇಲೆ ನಡೆಯುವುದೇನು? ಮೊಮ್ಮಗ ಇಂಗ್ಲಿಷಿನಲ್ಲಿ ಏನನ್ನೋ ಹೇಳುತ್ತಾನೆ. ಅಜ್ಜಿ ನಕ್ಕು ಸುಮ್ಮನಾಗುತ್ತಾರೆ. ಹದಿನೈದು ದಿನ ಹೀಗೆಯೇ ಕಳೆದು, ಹೇಳಬೇಕೆಂದಿದ್ದ ಕಥೆಗಳನ್ನು ಹೇಳದೆಯೇ ಅವರು ಹಿಂದಿರುಗುತ್ತಾರೆ.

ನಮ್ಮ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಹೋರಾಡಿ ಮಡಿದ ಕಿತ್ತಯ್ಯನ ಹೆಸರನ್ನು ಅದರಲ್ಲಿ ಕನ್ನಡದಲ್ಲಿಯೇ ಕೊರೆದಿದ್ದಾರೆ. ಕಲ್ಲಾದ್ದರಿಂದ ಆ ಹೆಸರು ಸಾವಿರದ ಇನ್ನೂರು ವರ್ಷಗಳ ಮೇಲೂ ಉಳಿಯಿತು. ಅಜ್ಜಿಯ ಮಾತಿಗೆ ಅಂಥ ಕಲ್ಲಿಲ್ಲ. ಮೊಮ್ಮಗುವಿನ ಕಿವಿಯೊಂದೇ ಅದಕ್ಕೆ ಆಶ್ರಯ.

ಪೋಪ್ ಫ್ರಾನ್ಸಿಸರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ದಿನವಾಗಿ ಘೋಷಿಸಿದರು. ಆ ಒಂದು ದಿನದ ಗೌರವ ಸಾಲದು. ತಂದೆತಾಯಿಗಳೇ, ಅವರು ಬಂದ ದಿನಗಳಲ್ಲಿ ಟ್ಯೂಷನ್ನಿಗೆ ಬಿಡುವು ಕೊಡಿರಿ, ಮೊಬೈಲನ್ನು ಕಪಾಟಿನಲ್ಲಿಡಿರಿ. ಸಂಜೆ ಅಜ್ಜನ ಕೈಗೆ ಮಗುವನ್ನೊಪ್ಪಿಸಿ ಕೆರೆಯ ಕಡೆಗೆ ಕಳುಹಿಸಿರಿ. ಮಕ್ಕಳೇ, ದಿನಕ್ಕೊಂದು ಪ್ರಶ್ನೆ ಕೇಳಿರಿ: "ಅಜ್ಜೀ, ನೀವು ಚಿಕ್ಕವರಿದ್ದಾಗ ಏನು ಆಟ ಆಡುತ್ತಿದ್ದಿರಿ?" ಮಾತು ತೊದಲಿದರೂ ಚಿಂತೆಯಿಲ್ಲ. ಆ ತೊದಲನ್ನು ತಿದ್ದುವುದೇ ಅಜ್ಜಿಗೊಂದು ಹಬ್ಬ.

ಮುಂದಿನ ರಜೆಗೆ ಅವರು ಬರುವರೋ ಬಾರರೋ, ನಾವರಿಯೆವು. ಬಂದಾಗ ಬಳಿಯಲ್ಲಿ ಕುಳಿತು ಕೇಳೋಣ.